ಗೋಲ್‌ಕೀಪರ್ ಗ್ಲೌಸು ತೊಟ್ಟು ಕಾರು ಓಡಿಸುವುದು

ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಬ್ಬ ಗಣಪತಿ ಇದ್ದಾನೆ. ಅವನ ಪಕ್ಕದಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ತೊಡುವ ಗ್ಲೌಸು ಒಂದು ಜೊತೆ ಇದೆ. ಅದರ ಬಣ್ಣ ಹಳದಿ ಎನ್ನುವುದು ದಾಕ್ಷಿಣ್ಯಕ್ಕೆ. ಅಂಗೈಯ ರಬ್ಬರು ಸವೆದುಹೋಗಿದೆ, ಬಲಗೈ ಹೆಬ್ಬೆರಳಿನ ಹೊಲಿಗೆ ಬಿಟ್ಟದ್ದನ್ನು ನಾನೇ ದಬ್ಬಳ ಹಿಡಿದು ಎರಡು ಸಲ ಹೊಲಿದಿದ್ದೇನೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಸ್ಕತ್ತಿನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಸ್ಟೇರಿಂಗ್ ಮುಟ್ಟಿದವರಿಗೆ ಈ ಗ್ಲೌಸು ಯಾಕೆ ಎಂದು ಹೇಳಬೇಕಾಗಿಲ್ಲ. ಮುಟ್ಟದವರು ರೊಟ್ಟಿಯ ಹಂಚನ್ನು ನೆನೆಸಿಕೊಳ್ಳಿ, ಸಾಕು. ಏ.ಸಿ. ತಣ್ಣಗಾಗುವವರೆಗೆ ಐದು ನಿಮಿಷ ನಾನು ಈ ಗ್ಲೌಸು ತೊಟ್ಟು ಓಡಿಸುತ್ತೇನೆ.

ನೋಡುವವರಿಗೆ ಇದು ವಿಚಿತ್ರವೇ. ಪೆಟ್ರೋಲು ಹಾಕುವವನು ಒಮ್ಮೆ ಕಿಟಕಿಯಿಂದ ಬಗ್ಗಿ ನೋಡಿ, "ಮೇಡಂ, ಆಜ್ ಮ್ಯಾಚ್ ಹೈ ಕ್ಯಾ?" ಎಂದು ಕೇಳಿದ. ಒಂಬತ್ತನೇ ಕ್ಲಾಸಿನಲ್ಲಿರುವ ನನ್ನ ಮಗಳು ಸಹನಾ ಸ್ಕೂಲಿನ ಗೇಟು ಬರುವ ಮೊದಲೇ, "ಅಮ್ಮಾ, ಪ್ಲೀಸ್, ರಿಮೂವ್ ದಟ್ ಥಿಂಗ್" ಅನ್ನುತ್ತಾಳೆ. ನಮ್ಮ ಮನೆಯವರು ಮರುಭೂಮಿಯ ಒಂದು ತೈಲಕೇಂದ್ರದಲ್ಲಿ ಎರಡು ವಾರ ಕೆಲಸ, ಎರಡು ವಾರ ಮನೆ ಎಂಬ ಲೆಕ್ಕದಲ್ಲಿ ಬದುಕುವವರು. ಅವರು ಮನೆಗೆ ಬಂದಾಗಲೆಲ್ಲ, "ಸ್ಟೇರಿಂಗಿಗೆ ಹಾಕೋ ಕವರ್ ಅಂಗಡ್ಯಾಗ ಸಿಗತಾವಲೇ ಗಿರಿಜಾ" ಎಂದು ನೆನಪಿಸುತ್ತಾರೆ. ಸಿಗುತ್ತವೆ, ನನಗೂ ಗೊತ್ತು. ಆದರೂ ನಾನು ಕೊಳ್ಳುವುದಿಲ್ಲ. ಕಾರಣ ಹೇಳಬೇಕೆಂದರೆ ಮುದ್ದೇಬಿಹಾಳದಿಂದ ಶುರು ಮಾಡಬೇಕು, ನಡುವೆ ಕ್ರೊಯೇಷಿಯಾಕ್ಕೆ ಹೋಗಬೇಕು. ನಿಮಗೆ ಪುರಸೊತ್ತಿದ್ದರೆ ಬನ್ನಿ.

ಮುದ್ದೇಬಿಹಾಳದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಖೋಖೋ ತಂಡವಿತ್ತು. ಆಡುವವರು ಒಂಬತ್ತು, ಬದಲಿಗೆ ಕೂರುವವರು ಮೂವರು, ಒಟ್ಟು ಹನ್ನೆರಡು. ನಾನು ಹದಿಮೂರನೆಯವಳು. ಖೋಖೋ ಬರಿಗಾಲಲ್ಲಿ ಆಡುವ ಆಟ. ಹಾಗಾಗಿ ಹನ್ನೆರಡು ಜೊತೆ ಚಪ್ಪಲಿ ಕಾಯಲು ಒಬ್ಬರು ಬೇಕಾಗುತ್ತಿತ್ತು. ಪಿ.ಟಿ. ಮಾಸ್ತರರು ಮೊದಲನೇ ದಿನವೇ ನನ್ನ ಓಟ ನೋಡಿ, "ನೀ ಚಪ್ಪಲಿ ಕಡೆ ಇರವಾ" ಎಂದರು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ನನ್ನದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ.

ಆದರೆ ಕೆಲಸವನ್ನು ನಾನು ಮನಸ್ಸಿಟ್ಟು ಮಾಡಿದೆ. ಹಿಮ್ಮಡಿ ಸವೆದದ್ದು ಶಾಂತಾಳದು, ಉಂಗುಷ್ಟಕ್ಕೆ ಪಿನ್ನು ಚುಚ್ಚಿದ್ದು ಬಸಮ್ಮನದು, ಎರಡೂ ಎಡಗಾಲಿನವೇ ಆಗಿದ್ದರೆ ಅವಸರದಲ್ಲಿ ಮನೆಯಿಂದ ಬಂದ ರೇಣುಕಾಳದು. ಕತ್ತಲಾದ ಮೇಲೂ ಮುಟ್ಟಿ ಹೇಳುತ್ತಿದ್ದೆ. ಈಗ ಮಸ್ಕತ್ತಿನ ಅಲ್ ಖುವೈರಿನ ಒಂದು ಇಂಜಿನಿಯರಿಂಗ್ ಆಫೀಸಿನಲ್ಲಿ ನಾನು ಮಾಡುವ ಕೆಲಸವೂ ಇಂಥದ್ದೇ. ಯಾವ ನಕ್ಷೆ ಯಾವ ಕಾಮಗಾರಿಯದು, ಹಳೆಯದು ಯಾವುದು, ತಿದ್ದಿದ್ದು ಯಾವುದು ಎಂದು ಗುರುತಿಟ್ಟು ಜೋಡಿಸಿಡುವುದು. ಜೊತೆಗೆ ಎಲ್ಲರ ರಜೆ ಅರ್ಜಿ, ವಿಮಾನದ ಟಿಕೆಟ್ಟು. ಚಪ್ಪಲಿ ಹೋಗಿ ಕಾಗದ ಬಂದಿದೆ, ಅಷ್ಟೇ.

ಒಂದು ಸಲ ತಾಲೂಕು ಮಟ್ಟದ ಪಂದ್ಯದ ದಿನ ಇಬ್ಬರಿಗೆ ಜ್ವರ, ಇಬ್ಬರು ಮದುವೆಗೆ ಹೋಗಿದ್ದರು. ಒಂಬತ್ತಕ್ಕೆ ಒಬ್ಬಳು ಕಡಿಮೆ. ಮಾಸ್ತರರು ಸುತ್ತ ನೋಡಿದರು. ನನ್ನನ್ನು ನೋಡಿದರು. ನಾನು ಆಗಲೇ ಲಂಗ ಎತ್ತಿ ಸಿಕ್ಕಿಸಿಕೊಂಡಿದ್ದೆ. ಅವರ ಕಣ್ಣು ನನ್ನ ಮೇಲಿಂದ ದಾಟಿ ಹೋಗಿ, ಸುಮ್ಮನೆ ಆಟ ನೋಡಲು ಬಂದಿದ್ದ ಬೇರೆ ಸೆಕ್ಷನ್ನಿನ ಹುಡುಗಿಯೊಬ್ಬಳ ಮೇಲೆ ನಿಂತಿತು. "ಏ, ನೀ ಬಾರವಾ" ಅಂದರು. ಅವಳು ತನ್ನ ಚಪ್ಪಲಿಯನ್ನೂ ನನ್ನ ಕೈಗೇ ಕೊಟ್ಟು ಹೋದಳು. ಆ ವರ್ಷದ ತಂಡದ ಫೋಟೋ ಈಗಲೂ ಶಾಲೆಯಲ್ಲಿ ತೂಗುಹಾಕಿದೆಯಂತೆ. ಅದರಲ್ಲಿ ಆ ಹುಡುಗಿ ಇದ್ದಾಳೆ, ನಾನಿಲ್ಲ. ಇಷ್ಟು ವರ್ಷವಾದರೂ ಊರಿಗೆ ಹೋದಾಗ ನಾನು ಆ ಶಾಲೆಯ ಮುಂದಿನ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತೇನೆ. ನಗಬೇಡಿ.

ಇನ್ನು ಕ್ರೊಯೇಷಿಯಾ. ನಮ್ಮ ಆಫೀಸಿನಲ್ಲಿ ವೆಸ್ನಾ ಎಂಬ ಇಂಜಿನಿಯರ್ ಇದ್ದಾಳೆ, ಆ ದೇಶದವಳು. ವಯಸ್ಸು ನಲವತ್ತೆಂಟು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಇಲ್ಲಿ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಕ್ಕೆ ವಾದಿ ಅನ್ನುತ್ತಾರೆ. ಆ ವಾದಿಯ ನೀರು ರಸ್ತೆ ಕೊಚ್ಚಿಕೊಂಡು ಹೋಗದಂತೆ ಕಾಲುವೆ, ಮೋರಿಗಳ ನಕ್ಷೆ ಮಾಡುವುದು ಅವಳ ಕೆಲಸ. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲವಾದ್ದರಿಂದ ದಿನಾ ಅವಳ ಕಾರಿನಲ್ಲೇ ಹೋಗಿಬರುತ್ತಿದ್ದೆ. ನಮ್ಮ ಸ್ನೇಹ ಬೆಳೆದದ್ದು ಅಲ್ ಖುವೈರಿನ ಹೈವೇಯ ಟ್ರಾಫಿಕ್ಕಿನಲ್ಲಿ. ಅಲ್ಲಿ ಸ್ನೇಹ ಬೆಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ.

ಮೊದಲ ಸಲ ಅವಳು ಊಟದ ಡಬ್ಬಿಯಿಂದ ಒಂದು ಕೆಂಪು ಚಟ್ನಿ ತೆಗೆದಾಗ ನಾನು ನಮ್ಮ ಕಡೆಯ ಕೆಂಪುಮೆಣಸಿನಕಾಯಿಯ ರಂಜಕ ಎಂದೇ ತಿಳಿದು ರೊಟ್ಟಿಗೆ ಒಂದು ಚಮಚೆ ಹಚ್ಚಿಕೊಂಡೆ. ಅದು ಸುಟ್ಟ ದಪ್ಪಮೆಣಸಿನಕಾಯಿಯದು, ಸಪ್ಪೆ, ಸಿಹಿ ಬೇರೆ. ಮರುದಿನ ನಾನು ನಿಜವಾದ ರಂಜಕ ಒಯ್ದೆ. ಅವಳು ಅಷ್ಟೇ ಧೈರ್ಯವಾಗಿ ಒಂದು ಚಮಚೆ ಬಾಯಿಗಿಟ್ಟಳು. ಆಮೇಲೆ ಅರ್ಧ ತಾಸು ಆ ಹೆಂಗಸು ಮಾತಾಡಲಿಲ್ಲ. ಆದರೂ ಡಬ್ಬಿ ವಾಪಸು ಕೊಡಲಿಲ್ಲ.

ವೆಸ್ನಾಳಿಗೆ ಒಂದು ಚಟವಿತ್ತು. ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅವಳು ಊಟದ ಡಬ್ಬಿಯ ಜೊತೆ ಫೋನನ್ನೂ ನಿಲ್ಲಿಸಿಕೊಂಡು ಕೂರುತ್ತಿದ್ದಳು. ಅದರಲ್ಲಿ ಯಾವುದೋ ಹಸಿರು ಮೈದಾನ, ಸುತ್ತ ಗೋವಿನಜೋಳದ ಹೊಲ, ಓಡಾಡುವ ಹುಡುಗಿಯರು. ಅವಳ ತಂಗಿ ಗೆರೆಯಾಚೆ ನಿಂತು ಫೋನ್ ಹಿಡಿದು ತೋರಿಸುತ್ತಿದ್ದ ಫುಟ್‌ಬಾಲ್ ಪಂದ್ಯ ಅದು. ತಂಗಿಗೆ ಕೈ ನೋವು ಬಂದಾಗ ನಮಗೆ ಬರೀ ಆಕಾಶ ಕಾಣುತ್ತಿತ್ತು.

ಕ್ರೊಯೇಷಿಯಾದ ಫುಟ್‌ಬಾಲ್ ಎಂದರೆ ನಮಗೆ ಗೊತ್ತಿರುವುದು ಕೆಂಪು ಬಿಳಿ ಚೌಕಳಿ ಅಂಗಿಯ ಗಂಡಸರು. ಹೆಂಗಸರದು ಬೇರೆ ಲೋಕ. ಮೇಲಿನ ಲೀಗಿನಲ್ಲಿ ಬೆರಳೆಣಿಕೆಯ ಕ್ಲಬ್ಬುಗಳು. ಪೂರ್ವದ ಒಂದು ಊರಿನ ತಂಡವೇ ವರ್ಷಗಟ್ಟಲೆ ಲೀಗು, ಕಪ್ಪು ಎರಡನ್ನೂ ಮನೆಗೆ ಒಯ್ದು, ಆಮೇಲೆ ಸಮುದ್ರದಂಡೆಯವರು, ರಾಜಧಾನಿಯವರು ಪೈಪೋಟಿಗೆ ಬಂದರಂತೆ. ಗೆದ್ದವರು ಯುರೋಪಿನ ದೊಡ್ಡ ಸ್ಪರ್ಧೆಯ ಅರ್ಹತಾ ಸುತ್ತಿಗೆ ಹೋಗುತ್ತಾರೆ. "ಹೋಗಿ ಬೇಗ ಮನೆಗೆ ಬರುತ್ತಾರೆ" ಎಂದು ವೆಸ್ನಾ ನಗುತ್ತಿದ್ದಳು. ಅವಳ ಹಳೆಯ ಕ್ಲಬ್ಬು ಇವ್ಯಾವುದರ ಸುದ್ದಿಗೂ ಹೋಗುವಂಥದ್ದಲ್ಲ. ಎರಡನೇ ದರ್ಜೆಯ ಲೀಗಿನಲ್ಲಿ, ಅದೂ ತಳದಲ್ಲಿ. ಹುಡುಗಿಯರು ಬೇಕರಿಯಲ್ಲಿ, ಆಸ್ಪತ್ರೆಯಲ್ಲಿ ಕೆಲಸ ಮಾಡಿ ಸಂಜೆ ಬಂದು ಅಭ್ಯಾಸ ಮಾಡುವವರು. ವೆಸ್ನಾ ಹದಿನಾರನೇ ವಯಸ್ಸಿನಿಂದ ಅಲ್ಲಿ ಗೋಲ್ ಕಾದವಳು.

ನಾನು ನೋಡಲು ಶುರುಮಾಡಿದ ವರ್ಷ ಆ ತಂಡ ಎಲ್ಲ ಪಂದ್ಯಗಳನ್ನೂ ಸೋಲುತ್ತಿತ್ತು. ಸೋಲು ಅಂದರೆ ಒಂದೆರಡು ಗೋಲಿನ ಸೋಲಲ್ಲ. ನನಗೆ ಖೋಖೋ ಅಂಕಗಳ ರೂಢಿ ಇದ್ದುದರಿಂದ ಹನ್ನೆರಡು ಸೊನ್ನೆ ಎಂದರೆ ಅಂಥ ದೊಡ್ಡದೆನಿಸಲಿಲ್ಲ. ಅದು ಎಷ್ಟು ದೊಡ್ಡದು ಎಂದು ಮಗಳು ತಿಳಿಸಿಕೊಟ್ಟಳು. ಸೋಲಿಗಿಂತ ಕೆಟ್ಟ ಸಂಗತಿ ಇನ್ನೊಂದಿತ್ತು. ಆಡುವವರೇ ಇರಲಿಲ್ಲ. ಆ ಕಡೆಯ ಹುಡುಗಿಯರು ಓದು ಮುಗಿಸಿದ್ದೇ ದುಡಿಯಲು ಜರ್ಮನಿಗೆ, ಐರ್ಲೆಂಡಿಗೆ ಹೋಗಿಬಿಡುತ್ತಾರೆ. ಮಸ್ಕತ್ತಿನಲ್ಲಿ ಕೂತು ಇದನ್ನು ಕೇಳುತ್ತಿದ್ದ ನನಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಫುಟ್‌ಬಾಲಿಗೆ ಹನ್ನೊಂದು ಜನ ಬೇಕು. ಕಡಿಮೆ ಇದ್ದರೂ ನಡೆಯುತ್ತದೆ, ಆದರೆ ಏಳಕ್ಕಿಂತ ಕಡಿಮೆಯಾದರೆ ಆಟವೇ ಇಲ್ಲ. ವೆಸ್ನಾಳ ತಂಡ ಆ ವರ್ಷ ಎರಡು ಸಲ ಏಳು ಜನರನ್ನು ಹೊಂದಿಸಲಾಗದೆ ಮೈದಾನಕ್ಕೇ ಹೋಗಿರಲಿಲ್ಲ. ಮೂರನೇ ಸಲ ಹಾಗಾದರೆ ಹೆಸರನ್ನು ಲೀಗಿನಿಂದ ತೆಗೆದುಬಿಡುತ್ತೇವೆ ಎಂದು ಪತ್ರ ಬಂದಿತ್ತು. ಉಳಿದಿದ್ದು ಮೇ ತಿಂಗಳ ಒಂದು ಪಂದ್ಯ. ಅದನ್ನು ಆಡಿ ಮುಗಿಸಿದರೆ ತಂಡ ಉಳಿಯುತ್ತದೆ.

"ಎಷ್ಟು ಜನ ಇದ್ದೀರಿ?" ಎಂದು ಕೇಳಿದೆ.

"ಆರು. ನಾನು ಹೋದರೆ ಏಳು."

"ನೀನಾ? ಈ ವಯಸ್ಸಿನಲ್ಲಾ? ನಿನ್ನನ್ನು ಆಡಲು ಬಿಡುತ್ತಾರಾ?"

ಬಿಡುತ್ತಾರಂತೆ. ಇಷ್ಟು ವರ್ಷ ವಿದೇಶದಲ್ಲಿದ್ದರೂ ಅವಳು ಕ್ಲಬ್ಬಿನ ಪಟ್ಟಿಯಿಂದ ತನ್ನ ಹೆಸರು ತೆಗೆಸಿರಲಿಲ್ಲ. ಪ್ರತಿ ಸಲ ರಜೆಗೆ ಹೋದಾಗ ಆಟಗಾರ್ತಿಯರಿಗೆ ಮಾಡುವ ವೈದ್ಯರ ತಪಾಸಣೆ ಮಾಡಿಸಿ, ಕಾಗದ ಕೊಟ್ಟು, ಹೆಸರು ಉಳಿಸಿಕೊಂಡು ಬರುತ್ತಿದ್ದಳು. ಯಾಕೆ ಎಂದರೆ ಭುಜ ಕುಣಿಸಿದಳು. ನನಗೆ ನಮ್ಮವ್ವ ನೆನಪಾದಳು. ನನ್ನ ಮದುವೆಯಾದ ಮೇಲೆ ತವರಿನ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆಸಲು ಅವಳು ಎಷ್ಟೋ ದಿನ ಒಪ್ಪಿರಲಿಲ್ಲ. "ಕಾರ್ಡಿನ್ಯಾಗಿಂದ ತೆಗದ್ರ ಮನಿಯಾಗಿಂದ ತೆಗದಂಗ ಆಗತೈತಿ" ಅನ್ನುತ್ತಿದ್ದಳು. ಅಣ್ಣ ಬೈದು ಬೈದು ಕೊನೆಗೆ ತೆಗೆಸಿದ. ಆ ದಿನ ಅವ್ವ ಊಟ ಮಾಡಲಿಲ್ಲವಂತೆ.

ವೆಸ್ನಾ ಎರಡು ವಾರದ ರಜೆ ಹಾಕಿದಳು. ಮೊದಲ ವಾರ ಅಭ್ಯಾಸ, ಎರಡನೇ ವಾರದ ಕೊನೆಗೆ ಪಂದ್ಯ. ಟಿಕೆಟ್ಟು ಮಾಡಿಸಿದವಳು ನಾನು. ಹೋಗುವಾಗ ಅವಳು ಕಾರಿನ ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಬ್ಯಾಟರಿ ಸಾಯದಂತೆ ಆಗಾಗ ಓಡಿಸು" ಎಂದಳು. ಯಾಕೆಂದರೆ ಆಗಷ್ಟೇ ನನಗೆ ಲೈಸೆನ್ಸು ಸಿಕ್ಕಿತ್ತು, ಅದು ಅವಳೊಬ್ಬಳಿಗೇ ಗೊತ್ತಿತ್ತು.

ಇಲ್ಲಿಯ ಲೈಸೆನ್ಸಿನ ಕಥೆ ಬರೆದರೆ ಅದೇ ಒಂದು ಪ್ರಬಂಧ. ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು, ದಿಣ್ಣೆಯ ಮೇಲೆ ನಿಲ್ಲಿಸಿ ಜಾರದಂತೆ ಎಬ್ಬಿಸಬೇಕು, ಆಮೇಲೆ ಪೊಲೀಸರನ್ನು ಪಕ್ಕ ಕೂರಿಸಿಕೊಂಡು ರಸ್ತೆಯಲ್ಲಿ ಓಡಿಸಬೇಕು. ರಸ್ತೆಯ ಪರೀಕ್ಷೆಯಲ್ಲಿ ನಾನು ನಾಲ್ಕು ಸಲ ಡುಮುಕಿ ಹೊಡೆದೆ. ನನಗೆ ಕಲಿಸುತ್ತಿದ್ದ ಒಮಾನಿ ಹೆಂಗಸು ಮೊದಮೊದಲು "ಯಲ್ಲಾ, ಯಲ್ಲಾ" ಎಂದು ಹುರಿದುಂಬಿಸುತ್ತಿದ್ದವಳು ಕೊನೆಕೊನೆಗೆ ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಮಾಡುತ್ತಿದ್ದಳು. ಐದನೇ ಸಲ ಪಾಸಾದೆ. ಪಾಸಾದದ್ದನ್ನು ವೆಸ್ನಾಳಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಓಡಿಸಬೇಕಾಗುತ್ತದಲ್ಲ! ವೆಸ್ನಾಳ ಕಾರನ್ನು ನಾನು ದಿನಾ ಬೆಳಿಗ್ಗೆ ಸಹನಾ ಏಳುವ ಮೊದಲೇ ನಮ್ಮ ಬಿಲ್ಡಿಂಗಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿಸಿ, ಅದೇ ಜಾಗದಲ್ಲಿ ತಂದು ನಿಲ್ಲಿಸುತ್ತಿದ್ದೆ.

ಎರಡನೇ ವಾರದ ಬುಧವಾರ ವೆಸ್ನಾಳ ಫೋನು ಬಂತು. ಗಾಬರಿಯಲ್ಲಿ ಅವಳ ಇಂಗ್ಲಿಷು ಅರ್ಧಕ್ಕರ್ಧ ಅವಳ ಭಾಷೆಯಾಗಿತ್ತು. "ಗಿರಿಜಾ, ನನ್ನ ವಾಪಸ್ ಟಿಕೆಟ್ಟು ಶನಿವಾರದ್ದು. ಪಂದ್ಯ ಭಾನುವಾರ."

ನಾನು ತಕ್ಷಣ ಟಿಕೆಟ್ಟಿನ ಪ್ರತಿ ತೆಗೆದು ನೋಡಿದೆ, ಶನಿವಾರವೇ. ಇಲ್ಲಿ ನಮಗೆ ಶುಕ್ರವಾರ, ಶನಿವಾರ ರಜೆ. ಭಾನುವಾರ ಆಫೀಸು. ಹದಿನೈದು ವರ್ಷದಿಂದ ನಾನು ಯಾರ ಟಿಕೆಟ್ಟು ಮಾಡಿಸಿದರೂ ಶನಿವಾರ ವಾಪಸು, ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಹಾಜರು ಎಂಬ ಲೆಕ್ಕ. ಬೆರಳುಗಳು ತಾವೇ ಶನಿವಾರವನ್ನು ಒತ್ತಿದ್ದವು. ಪ್ರತಿ ಭಾನುವಾರ ಅವಳ ಪಕ್ಕ ಕೂತು ಅದೇ ಪಂದ್ಯಗಳನ್ನು ನೋಡಿದವಳು ನಾನು. ಆದರೂ ಭಾನುವಾರ ಎಂದರೆ ಆಫೀಸು ಎಂದಷ್ಟೇ ತಲೆಯಲ್ಲಿ ಕೂತಿತ್ತು. ವೆಸ್ನಾಳೂ ಟಿಕೆಟ್ಟು ನೋಡಿಯೇ ಸಹಿ ಮಾಡಿದ್ದಳು, ಅವಳಿಗೂ ಹೊಳೆದಿರಲಿಲ್ಲ. ಗಲ್ಫಿನಲ್ಲಿ ತುಂಬ ವರ್ಷ ಇದ್ದವರಿಗಷ್ಟೇ ಆಗಬಹುದಾದ ತಪ್ಪು ಇದು.

ಟಿಕೆಟ್ಟು ಬದಲಿಸುವುದು ದೊಡ್ಡದಲ್ಲ. ಆದರೆ ಅದೇ ಭಾನುವಾರ ಬೆಳಿಗ್ಗೆ ವೆಸ್ನಾ ಇಬ್ರಾ ಎಂಬ ಊರಿನಲ್ಲಿರಬೇಕಿತ್ತು. ಅಲ್ಲಿಯ ಒಂದು ವಾದಿಗೆ ಮೋರಿ ಕಟ್ಟುವ ಟೆಂಡರಿಗೆ ನಮ್ಮ ಆಫೀಸು ಅರ್ಜಿ ಹಾಕುವುದಿತ್ತು. ಜಾಗ ತೋರಿಸುವ ದಿನ ಕಂಪನಿಯ ಕಡೆಯಿಂದ ಒಬ್ಬರು ಹೋಗಿ ಪುಸ್ತಕದಲ್ಲಿ ಸಹಿ ಮಾಡದಿದ್ದರೆ ಆ ಕಂಪನಿಯನ್ನು ಟೆಂಡರಿಗೆ ಪರಿಗಣಿಸುವುದಿಲ್ಲ. ಉಳಿದ ಇಬ್ಬರು ಇಂಜಿನಿಯರುಗಳು ದೂರದ ಬುರೈಮಿಗೆ ಕೆಲಸದ ಮೇಲೆ ಹೋಗಿದ್ದರು. ನಾನು ದೇವರ ಮೇಲೆ ಭಾರ ಹಾಕಿ ನಮ್ಮ ಮ್ಯಾನೇಜರ್ ಲ್ಯಾನ್ಸಿ ಸರ್ ಕೋಣೆಗೆ ಹೋದೆ. ಅವರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಸಿಟ್ಟು ಬಂದಾಗ ಇನ್ನೂ ಮೆಲ್ಲಗೆ ಮಾತಾಡುವ ಮನುಷ್ಯ.

"ಎಂತ ಮೇಡಂ ಇದು? ಫುಟ್‌ಬಾಲಿಗೋಸ್ಕರ ಟೆಂಡರ್ ಬಿಡ್ಲಿಕ್ಕೆ ಆಗ್ತದಾ?" ಎಂದು ಮೆಲ್ಲಗೆ ಕೇಳಿದರು.

"ತಪ್ಪು ನಂದು ಸರ್. ಟಿಕೆಟ್ ಮಾಡಿಸಿದಾಕಿ ನಾನು. ಆಕಿ ಹೋಗಲಿಲ್ಲಂದ್ರ ಅವರ ತಂಡಾನ ಇರೂದಿಲ್ಲ."

"ಗೆಲ್ಲುವ ಚಾನ್ಸ್ ಆದ್ರೂ ಉಂಟಾ?"

"ಇಲ್ಲ ಸರ್. ಎಂಟೊಂಬತ್ತು ಗೋಲಿಲೆ ಸೋಲ್ತಾರ."

ಲ್ಯಾನ್ಸಿ ಸರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸೋಲ್ಲಿಕ್ಕೆ ಅಷ್ಟು ದೂರ ಹೋದದ್ದಾ ಅವಳು?"

"ಹೌದ್ರಿ ಸರ್."

ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಆಯ್ತು, ಇಬ್ರಾಕ್ಕೆ ಯಾರು ಹೋಗುವುದು? ನನಗೆ ಮಿನಿಸ್ಟ್ರಿಯಲ್ಲಿ ಮೀಟಿಂಗ್ ಉಂಟು" ಅಂದರು.

"ನಾ ಹೋಗ್ತೀನಿ ಸರ್. ಸಹಿಗೆ ಇಂಜಿನಿಯರ್ ಆಗಬೇಕಂತ ಎಲ್ಲೂ ಬರದಿಲ್ಲ. ಆ ವಾದಿ ನಕ್ಷೆ ಎಲ್ಲಾ ನಾನ ಜೋಡಿಸಿಟ್ಟೀನಿ."

"ಹೇಗೆ ಹೋಗುದು ನೀವು? ನಿಮಗೆ ಲೈಸೆನ್ಸೇ ಇಲ್ಲ ಅಲ್ವಾ ಮಾರಾಯ್ರೆ?"

"ಬಂದದ ಸರ್. ಒಂದು ತಿಂಗಳಾತು."

ಹೀಗೆ ಗುಟ್ಟು ರಟ್ಟಾಯಿತು. ಸಂಜೆ ಮನೆಯಲ್ಲಿ ಸಹನಾ, "ಯು? ಆನ್ ದಿ ಹೈವೇ?" ಎಂದು ಬಾಯಿ ತೆರೆದು ನಿಂತಳು. ಮರುಭೂಮಿಯಿಂದ ಫೋನ್ ಮಾಡಿದ ಮನೆಯವರು, "ಬಲಗಡೆ ಲೇನ್ ಬಿಟ್ಟು ಅಲುಗಾಡಬ್ಯಾಡ" ಎಂಬ ಒಂದೇ ಮಾತನ್ನು ನಾಲ್ಕು ರೀತಿ ಹೇಳಿದರು. ಇಲ್ಲಿ ಮೆಲ್ಲಗೆ ಹೋಗುವವರ ಲೇನ್ ಬಲಗಡೆಯದು.

ನಾನು ಅಲುಗಾಡಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೇ ವೆಸ್ನಾಳ ಕಾರಿನಲ್ಲಿ ಹೊರಟು, ಎರಡು ತಾಸಿನ ದಾರಿಯನ್ನು ಮೂರು ತಾಸು ಮಾಡಿಕೊಂಡು ಹೋದೆ. ಲಾರಿಗಳೆಲ್ಲ ನನ್ನನ್ನು ದಾಟಿ ಹೋದವು. ನೀರಿನ ಟ್ಯಾಂಕರುಗಳೂ ದಾಟಿದವು. ಒಂಟೆಗಳನ್ನು ತುಂಬಿಕೊಂಡ ಒಂದು ಪಿಕಪ್ಪು ದಾಟುವಾಗ ಒಂಟೆಯೊಂದು ನನ್ನ ಕಡೆ ನೋಡಿದ ರೀತಿಯನ್ನು ನಾನು ಮರೆತಿಲ್ಲ. ಸ್ಟೇರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಇಬ್ರಾದಲ್ಲಿ ಇಳಿದಾಗ ಬೆರಳು ಬಿಡಿಸಲು ಬರಲಿಲ್ಲ.

ವಾದಿಯ ದಂಡೆಯಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಎಲ್ಲರೂ ಗಂಡಸರು, ಎಲ್ಲರೂ ಹೆಲ್ಮೆಟ್ಟಿನವರು. ಬಿಳಿಯ ದಿಶ್‌ದಾಶಾ ಎಂಬ ಉದ್ದ ನಿಲುವಂಗಿ ತೊಟ್ಟ ಒಮಾನಿ ಅಧಿಕಾರಿಯೊಬ್ಬರು ಕಾರಿನ ಬಾನೆಟ್ಟಿನ ಮೇಲೆ ಹಾಜರಿ ಪುಸ್ತಕ ಬಿಡಿಸಿಟ್ಟು, "ತಫದ್ದಲಿ" ಎಂದು ಮರ್ಯಾದೆಯಿಂದ ಪೆನ್ನು ಕೊಟ್ಟರು. ಕಂಪನಿಯ ಹೆಸರು ಬರೆದೆ. ನನ್ನ ಹೆಸರು ಬರೆದೆ. ಹುದ್ದೆ ಎಂಬ ಅಂಕಣದ ಮುಂದೆ ಪೆನ್ನು ನಿಂತಿತು. ಹಿಂದೆ ಸಾಲಿನಲ್ಲಿ ನಿಂತವರು ನೋಡುತ್ತಿದ್ದರು. ಅವರಲ್ಲೊಬ್ಬರು ಬಗ್ಗಿ, "ಜಸ್ಟ್ ರೈಟ್ ಪ್ರೆಸೆಂಟ್, ಸಿಸ್ಟರ್" ಅಂದರು. ನಾನು ಹುದ್ದೆಯ ಜಾಗದಲ್ಲಿ ಹಾಜರು ಎಂದು ಬರೆದು ಸಹಿ ಹಾಕಿದೆ. ಆಮೇಲೆ ಎಲ್ಲರ ಜೊತೆ ಒಣಗಿದ ಹಳ್ಳದಲ್ಲಿ ಇಳಿದು, ಕಲ್ಲು ನೋಡಿ, ಫೋಟೋ ತೆಗೆದು, ಗಂಭೀರವಾಗಿ ತಲೆ ಆಡಿಸಿ ಮೇಲೆ ಬಂದೆ.

ಒಂದು ಗಂಟೆಗೆ ಇಬ್ರಾದ ಸೂಕಿನ, ಅಂದರೆ ಸಂತೆಪೇಟೆಯ, ಪಕ್ಕದ ಒಂದು ಸಣ್ಣ ಹೋಟೆಲಿನಲ್ಲಿ ಅನ್ನ ಸಾರು ಹೇಳಿ, ನೀರಿನ ಜಗ್ಗಿಗೆ ಫೋನ್ ಒರಗಿಸಿ ಕೂತೆ. ಕ್ರೊಯೇಷಿಯಾದಲ್ಲಿ ಆಗ ಬೆಳಿಗ್ಗೆ ಹನ್ನೊಂದು. ವೆಸ್ನಾಳ ತಂಗಿ ಅವತ್ತು ಒಮ್ಮೆಯೂ ಆಕಾಶ ತೋರಿಸಲಿಲ್ಲ. ಆ ಕಡೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು, ಈ ಕಡೆ ಏಳು. ಹಳೆಯ ಗ್ಲೌಸನ್ನು ಕಾರಿನಲ್ಲೇ ಬಿಟ್ಟುಹೋಗಿದ್ದ ವೆಸ್ನಾ ಹೊಸ ಗ್ಲೌಸು ತೊಟ್ಟು ಗೋಲಿನ ಮುಂದೆ ನಿಂತಿದ್ದಳು.

ಮೊದಲ ಗೋಲು ಬೇಗ ಬಂತು. ಎರಡನೆಯದೂ ಬಂತು. ನಾಲ್ಕರ ನಂತರ ನಾನು ಎಣಿಸುವುದನ್ನು ಬಿಟ್ಟೆ, ಯಾಕೆಂದರೆ ಅವತ್ತು ಗೋಲು ಎಷ್ಟಾದರೂ ಸರಿ, ಏಳು ಆರಾಗಬಾರದು, ಅಷ್ಟೇ. ಹುಡುಗಿಯರೂ ಅದನ್ನು ತಿಳಿದೇ ಆಡುತ್ತಿದ್ದರು. ಯಾರೂ ಯಾರಿಗೂ ಜೋರಾಗಿ ಡಿಕ್ಕಿ ಹೊಡೆಯುತ್ತಿರಲಿಲ್ಲ. ವೆಸ್ನಾ ಮಾತ್ರ ಒಂದೇ ಸಮನೆ ಬೀಳುತ್ತಿದ್ದಳು, ಏಳುತ್ತಿದ್ದಳು.

ನನಗೆ ಸಿಟ್ಟು ಬರಿಸಿದ್ದು ಒಬ್ಬಳು. ದೊಡ್ಡ ಅಂಗಿ ತೊಟ್ಟು, ನರೆತ ಕೂದಲು ಗಂಟು ಕಟ್ಟಿ, ಮೈದಾನದ ಎಡಮೂಲೆಯಲ್ಲಿ ಸುಮ್ಮನೆ ನಿಂತೇ ಇದ್ದಳು. ಚೆಂಡು ಆ ಕಡೆ ಬಂದರೆ ಅವಳು ಈ ಕಡೆ ಸರಿಯುತ್ತಿದ್ದಳು. ಓಡುವುದಿಲ್ಲ, ಒದೆಯುವುದಿಲ್ಲ, ಎರಡೂ ಕೈ ಹೊಟ್ಟೆಯ ಮುಂದೆ ಹಿಡಿದುಕೊಂಡು ಬಸ್ಸು ಕಾಯುವವಳ ಹಾಗೆ ನಿಂತಿದ್ದಳು. "ಅಕಿಗೇನಾಗೇತಿ? ಒಂದು ಹೆಜ್ಜಿ ಓಡಬಾರದಾ?" ಎಂದು ನಾನು ಜೋರಾಗಿಯೇ ಬೈದೆ. ಸಾರು ಬಡಿಸುತ್ತಿದ್ದ ಮಲಯಾಳಿ ತನಗೇ ಅಂದದ್ದೆಂದು ತಿಳಿದು ಅಡುಗೆಮನೆಗೆ ಓಡಿದ.

ಎರಡನೇ ಅರ್ಧದಲ್ಲಿ ಒಬ್ಬ ಹುಡುಗಿಯ ಮುಖಕ್ಕೆ ಚೆಂಡು ಬಡಿದು ಮೂಗಿನಲ್ಲಿ ರಕ್ತ ಬಂತು. ಅವಳನ್ನು ಗೆರೆಯ ಹೊರಗೆ ಕೂರಿಸಿದರು. ರೆಫರಿ ಆಟ ನಿಲ್ಲಿಸಿ, ಗಡಿಯಾರ ನೋಡುತ್ತ ನಿಂತ. ಈಗ ಮೈದಾನದಲ್ಲಿ ಆರು ಜನ. ಆ ಹುಡುಗಿ ಏಳದಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ, ಅಲ್ಲಿಗೆ ತಂಡವೂ ಮುಗಿಯುತ್ತದೆ. ನಾನು ಅನ್ನದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಕೂತೆ. ಮೂಲೆಯವಳು ಮೊದಲ ಸಲ ಓಡಿದಳು. ಗೆರೆಯ ಹತ್ತಿರ ಓಡಿ, ತನ್ನ ಅಂಗಿಯ ತೋಳಿನಿಂದ ಹುಡುಗಿಯ ಮೂಗು ಒರೆಸಿ, ಹತ್ತಿ ಇಟ್ಟು, ಕಿವಿಯಲ್ಲಿ ಏನೋ ಹೇಳಿ ಎಬ್ಬಿಸಿದಳು. ಆಮೇಲೆ ಮತ್ತೆ ತನ್ನ ಮೂಲೆಗೆ ಹೋಗಿ ನಿಂತಳು. ಹುಡುಗಿ ಒಳಗೆ ಬಂದಳು. ಏಳು.

ಕೊನೆಯ ಹತ್ತು ನಿಮಿಷದಲ್ಲಿ ಒಂದು ಸಂಗತಿ ನಡೆಯಿತು. ಚೆಂಡು ನೇರವಾಗಿ ಆ ಮೂಲೆಗೆ ಬಂತು, ಅವಳಿಗೆ ಸರಿಯಲು ಹೊತ್ತು ಸಿಗಲಿಲ್ಲ. ಅವಳ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ಅಷ್ಟೇ. ಆದರೆ ಉಳಿದ ಆರೂ ಜನ ನಿಂತಲ್ಲೇ ಚಪ್ಪಾಳೆ ತಟ್ಟಿದರು. ವೆಸ್ನಾ ಗೋಲು ಬಿಟ್ಟು ಮುಂದೆ ಬಂದು ಎರಡೂ ಗ್ಲೌಸನ್ನು ತಲೆಯ ಮೇಲೆತ್ತಿ ಬಡಿದಳು. ನನಗೆ ಅರ್ಥವಾಗಲಿಲ್ಲ.

ಒಂಬತ್ತು ಸೊನ್ನೆಗೆ ಸೋತರು. ಸೀಟಿ ಊದಿದಾಗ ಏಳೂ ಜನ ಕಪ್ಪು ಗೆದ್ದವರ ಹಾಗೆ ಒಬ್ಬರ ಮೇಲೊಬ್ಬರು ಬಿದ್ದು ಅತ್ತರು. ಎದುರಾಳಿ ತಂಡದವರೂ ಬಂದು ಅಪ್ಪಿಕೊಂಡರು. ನಾನು ಹೋಟೆಲಿನಿಂದ ಹೊರಗೆ ಬಂದು ಕಾರಿನ ಬಾಗಿಲು ತೆಗೆದು ಸ್ಟೇರಿಂಗ್ ಮುಟ್ಟಿದೆ. ಅಂಗೈ ಸುಟ್ಟಿತು. ಎದುರಿನ ಖಾನೆಯಲ್ಲಿ ಸ್ಟೇರಿಂಗ್ ಹಿಡಿಯಲು ಬಟ್ಟೆ ಹುಡುಕಿದಾಗ ಸಿಕ್ಕಿದ್ದು ವೆಸ್ನಾಳ ಹಳೆಯ ಗ್ಲೌಸು. ತೊಟ್ಟುಕೊಂಡೆ. ದೊಡ್ಡದಾಗಿತ್ತು, ಆದರೆ ಹಿಡಿತ ಚೆನ್ನಾಗಿತ್ತು. ಬರುವಾಗ ಎರಡು ಲಾರಿಗಳನ್ನು ನಾನೇ ದಾಟಿದೆ. ಇದನ್ನು ಮನೆಯವರಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಮಂಗಳವಾರ ವೆಸ್ನಾ ಆಫೀಸಿಗೆ ಬಂದಳು. ಮೊಣಕೈಗೆ, ಗಲ್ಲಕ್ಕೆ ಪಟ್ಟಿ. ಕುಂಟುತ್ತ ಬಂದು ನನ್ನ ಮೇಜಿನ ಮೇಲೆ ಸಪ್ಪೆ ಚಟ್ನಿಯ ಎರಡು ಬಾಟಲಿ ಇಟ್ಟಳು. ತಂಡದ ಹೆಸರು ಲೀಗಿನಲ್ಲಿ ಉಳಿದಿತ್ತು. ಪಂದ್ಯದ ಸುದ್ದಿ ಕೇಳಿ ಪಕ್ಕದ ಹಳ್ಳಿಯ ಮೂವರು ಹುಡುಗಿಯರು ಮುಂದಿನ ವರ್ಷಕ್ಕೆ ಹೆಸರು ಕೊಟ್ಟಿದ್ದರಂತೆ.

ಎಲ್ಲ ಕೇಳಿ ಸಂತೋಷಪಟ್ಟ ಮೇಲೆ ನಾನು ನನ್ನ ಸಿಟ್ಟನ್ನು ಹೊರಗೆ ಹಾಕಿದೆ. "ಆ ಮೂಲೆಯಲ್ಲಿ ನಿಂತವಳು ಯಾರು? ಅವಳನ್ನು ಯಾಕಾದರೂ ಆಡಿಸಿದಿರಿ?"

ವೆಸ್ನಾ ಕುರ್ಚಿ ಎಳೆದುಕೊಂಡು ಕೂತಳು. "ಅವಳು ಆಟಗಾರ್ತಿ ಅಲ್ಲ" ಅಂದಳು. "ನಾನು ಹದಿನಾರರಲ್ಲಿ ಸೇರಿದಾಗಿನಿಂದ ಇದ್ದಾಳೆ. ಬಟ್ಟೆ ಬದಲಿಸುವ ಕೋಣೆಯ ಕೀಲಿ ಅವಳ ಹತ್ತಿರ ಇರುತ್ತದೆ. ಅಂಗಿ ಒಗೆಯುತ್ತಾಳೆ, ನಮ್ಮ ಬೂಟುಗಳನ್ನು ಜೋಡಿಸಿಡುತ್ತಾಳೆ. ಯಾರ ಬೂಟು ಯಾವುದು ಎಂದು ನೋಡದೇ ಹೇಳುತ್ತಾಳೆ. ಒಂದು ದಿನವೂ ಆಡಿದವಳಲ್ಲ. ಆದರೆ ನಮ್ಮ ಕೋಚು ಯಾವುದೋ ಕಾ‌ಲದಲ್ಲಿ ಅವಳ ಹೆಸರನ್ನೂ ಪಟ್ಟಿಯಲ್ಲಿ ಬರೆಸಿದ್ದ. ಪ್ರತಿ ವರ್ಷ ನಮ್ಮ ಜೊತೆ ಅವಳ ತಪಾಸಣೆಯೂ ಆಗುತ್ತದೆ. ಶನಿವಾರ ಆರು ಜನರಲ್ಲಿ ಒಬ್ಬಳ ಕಾಲು ಉಳುಕಿತು, ನಾನು ಸೇರಿಯೂ ಆರೇ ಆಯಿತು. ಎಲ್ಲರೂ ಮುಗಿಯಿತು ಅಂದುಕೊಂಡೆವು. ಅವಳು ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿ ಪೆಟ್ಟಿಗೆ ಇಟ್ಟು, ನನಗೆ ಆಡಲು ಬರುವುದಿಲ್ಲ, ನಿಲ್ಲಲು ಬರುತ್ತದೆ ಅಂದಳು."

ನಾನು ಎದ್ದು ಚಹಾ ಮಾಡುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಚೆನ್ನಾಗಿ ಅತ್ತೆ. ಬೈದದ್ದಕ್ಕೆ ಅತ್ತೆ, ಶಾಂತಾಳ ಬಸಮ್ಮನ ರೇಣುಕಾಳ ಚಪ್ಪಲಿಗಾಗಿ ಅತ್ತೆ, ಲಂಗ ಎತ್ತಿ ಸಿಕ್ಕಿಸಿಕೊಂಡು ನಿಂತ ಆ ಹುಡುಗಿಗಾಗಿ ಅತ್ತೆ. ಹಿಂದೆಯೇ ಬಾಗಿಲು ತಟ್ಟಿ ಬಂದ ವೆಸ್ನಾಳಿಗೆ ಕಾರಣ ಹೇಳಬೇಕಾಗಲಿಲ್ಲ. ಅವಳಿಗೆ ನನ್ನ ಖೋಖೋ ಕಥೆ ಆಗಲೇ ಗೊತ್ತಿತ್ತು, ಟ್ರಾಫಿಕ್ಕಿನಲ್ಲಿ ಹೇಳಿದ್ದೆ. ಕಾರಿನ ಕೀಲಿ ವಾಪಸು ತೆಗೆದುಕೊಂಡಳು, ಗ್ಲೌಸು ಕೊಡಹೋದರೆ ಬೇಡ ಎಂದಳು.

ಆ ಟೆಂಡರು ನಮಗೆ ಸಿಗಲಿಲ್ಲ. ಪಟ್ಟಿಯಲ್ಲಿ ನಮ್ಮದು ಕೊನೆಯ ಹೆಸರಾಗಿತ್ತು. ಲ್ಯಾನ್ಸಿ ಸರ್ ಆ ಪಟ್ಟಿಯನ್ನು ನನಗೆ ಕೊಟ್ಟು, "ಸೋತದ್ದು ಸೋತೆವು, ಲೆಕ್ಕದಲ್ಲಿ ಇದ್ದೇವಲ್ಲ ಮೇಡಂ" ಎಂದು ಎಂದಿನಂತೆ ಮೆಲ್ಲಗೆ ಹೇಳಿದರು. ಅವರಿಗೆ ಯಾರು ಏನು ಹೇಳಿದ್ದರೋ ನನಗೆ ಗೊತ್ತಿಲ್ಲ. ಮುಂದೆ ನಾನು ಒಂದು ಹಳೆಯ ಕಾರು ಕೊಂಡೆ. ಗಣಪತಿಯನ್ನು ಕೂರಿಸುವ ಮೊದಲು ಗ್ಲೌಸನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟೆ.

ಆ ಹೆಂಗಸಿನ ಹೆಸರು ಯಾನಾ. ವೆಸ್ನಾ ಪಂದ್ಯದ ನಂತರ ತೆಗೆದ ಫೋಟೋವನ್ನು ಪ್ರಿಂಟು ಹಾಕಿಸಿ ಕೊಟ್ಟಿದ್ದಾಳೆ. ನನ್ನ ಮೇಜಿನ ಮೇಲಿದೆ. ಏಳು ಜನ ಸಾಲಾಗಿ ನಿಂತಿದ್ದಾರೆ. ಯಾನಾ ಎಡತುದಿಯಲ್ಲಿದ್ದಾಳೆ, ಎರಡೂ ಕೈಯಲ್ಲಿ ಬೇರೆಯವರ ಬೂಟು ಹಿಡಿದುಕೊಂಡೇ ನಿಂತಿದ್ದಾಳೆ, ಮತ್ತು ಫೋಟೋದಲ್ಲಿದ್ದಾಳೆ.